ಕಡಿಮೆ ಮಾಡು

ಹಿಂಜರಿತ ಅಂತ ಪೇಪರಿನವರು ಬರೆದರು.
ಎಷ್ಟು ನಾಚಿಕೆಯ ಶಬ್ದ ಅದು,
ದೇಶವೇ ಬಾಗಿಲ ಸಂದಿಯಲ್ಲಿ ಸೆರಗು ಹಿಡಿದು ನಿಂತ ಹಾಗೆ.
ನಾನು ಕಂಡದ್ದು ಬೇರೆ:
ಕಾರವಾರದ ಕೋರ್ಟಿನ ಹಿಂದೆ ನನ್ನ ಜೆರಾಕ್ಸ್ ಅಂಗಡಿ,
ಅದರ ಮೆಟ್ಟಿಲ ಮೇಲೆ ದೊಡ್ಡ ದೊಡ್ಡ ಗಂಡಸರು
ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ
ಅಲ್ಲೇ ನಿಂತುಬಿಡುವುದು.

ಬಿಡಬೇಡಿ, ಬನ್ನಿ, ಇದು ದೇವಸ್ಥಾನವಲ್ಲ.

ಮೊದಲೆಲ್ಲ ಪಹಣಿ, ವಕಾಲತ್ತು, ಯಾರದೋ ಲಗ್ನಪತ್ರಿಕೆಯ ಕರಡು.
ಈ ವರ್ಷ ಬರೀ ಬಯೋಡಾಟಾ.
ಬಿಣಗಾದ ವೆಲ್ಡರು, ಕೈಗಾದ ಗುತ್ತಿಗೆಯವರು,
ಗೋವಾದ ಹೋಟೆಲು ಅರ್ಧ ಸೀಸನ್ನಿಗೇ
ಲೆಕ್ಕ ಚುಕ್ತಾ ಮಾಡಿ ಕಳಿಸಿದ ಹುಡುಗಿಯರು,
ಕಾಳಿ ದಾಟಿ ಹೋದವರು ಕಾಳಿ ದಾಟಿ ವಾಪಸು.
ಹವ್ಯಾಸ ಮಾತ್ರ ಎಲ್ಲರದೂ ಒಂದೇ: ಈಜು.
ಈಜು ಬಾರದವರೂ ಬರೆಸುತ್ತಾರೆ.
ನಾನು ಕೇಳುವುದಿಲ್ಲ.

ಗುರುವಾರ ಕರೆಂಟು ಬಂದ ಮೇಲೆ ಬಂದವರು
ಪುಂಡಲೀಕ ಬಾಂದೇಕರ, ವಯಸ್ಸು ನಲವತ್ತೆಂಟು,
ಬೈತಖೋಲ ಬಂದರಿನ ವೇಬ್ರಿಜ್ ಗುಮಾಸ್ತ,
ಅನುಭವ ಹತ್ತೊಂಬತ್ತು ವರ್ಷ.
ಲಾರಿಯ ಟಯರಿನ ಹೊಟ್ಟೆ ನೋಡಿದರೆ ಸಾಕಿತ್ತಂತೆ,
ಯಂತ್ರದ ಮಾತು ಆಮೇಲೆ.

ಟೈಪು ಮಾಡಿ ತೋರಿಸಿದೆ.
ಕನ್ನಡಕ ಒರೆಸಿ ಓದಿದರು, ಮತ್ತೊಮ್ಮೆ ಓದಿದರು.
"ಇಷ್ಟು ಬೇಡ ತಂಗೀ, ಕಡಿಮೆ ಮಾಡು.
ಅಂಕೋಲೆಯ ಗೋದಾಮಿನಲ್ಲಿ ಹೇಳಿದರು,
ನಿಮ್ಮಂಥವರಿಗೆ ಕೊಡುವ ಸಂಬಳ ನಮ್ಮಲ್ಲಿಲ್ಲ ಅಂತ.
ಹನ್ನೊಂದು ಸಾವಿರಕ್ಕೂ ಬರುತ್ತೇನೆ ಅಂದೆ.
ಅದಕ್ಕೆ ಇನ್ನಷ್ಟು ಹೆದರಿದರು."

ಮೀನುಪೇಟೆಯ ಚೌಕಾಸಿ ನನಗೆ ಗೊತ್ತು,
ಬುಟ್ಟಿಯ ಮುಂದೆ ಕೂತವಳು ಇಳಿಯುವುದಿಲ್ಲ,
ಕೊಳ್ಳುವವಳು ಬಿಡುವುದಿಲ್ಲ.
ಮಾರಲು ಬಂದವನೇ ಇಳಿಸುತ್ತ ಹೋಗುವುದನ್ನು
ಅವತ್ತೇ ಕಂಡದ್ದು.
ಹದಿನೈದು?
ಇನ್ನೂ.
ಹತ್ತು?
ಆರು ಮಾಡು. ಆರು ಇರಲಿ.

ಬ್ಯಾಕ್‌ಸ್ಪೇಸು ಒತ್ತಿದೆ.
ತೂಕದ ಯಂತ್ರ ಕೆಟ್ಟು, ಎಂಟು ದಿನ
ಇವರ ಕಣ್ಣಿನ ಲೆಕ್ಕದ ಮೇಲೇ ಹಡಗು ತುಂಬಿದ ಮಳೆಗಾಲ
ಹೋಯಿತು.
ಕ್ಲೀನರ್ ಹುಡುಗನನ್ನು ಚಕ್ರದ ಬುಡದಿಂದ
ಅಂಗಿ ಹಿಡಿದು ಎಳೆದ ಬೆಳಗು ಹೋಯಿತು.
"ಮಗಳು ಹುಟ್ಟಿದ ಸುದ್ದಿ ಅಲ್ಲಿಗೇ ಫೋನು ಬಂದಿತ್ತು," ಅಂದರು,
"ಈಗಿನ ಲೆಕ್ಕಕ್ಕೆ ನಾನು ಅಲ್ಲಿರಲೇ ಇಲ್ಲ."

ಮಧ್ಯೆ ಹದಿಮೂರು ವರ್ಷ ಖಾಲಿ ಬಿತ್ತು.
ಅಲ್ಲಿಗೆ ಏನು ಬರೆಯಲಿ?
ಫ್ಯಾನು ಮೂರು ಸುತ್ತು ಯೋಚಿಸಿತು.
"ಮನೆಯಲ್ಲಿದ್ದೆ ಅಂತ ಬರೆ."
ಗಂಡಸರು ಹಾಗೆ ಬರೆಸುವುದಿಲ್ಲ.
"ಹೆಂಗಸರು?"
ಆ ಜಾಗವನ್ನೇ ತೆಗೆಸುತ್ತಾರೆ.
ಅವರು ನನ್ನ ಮುಖ ನೋಡಿದರು, ಮೊದಲ ಸಲ,
ಯಾರೋ ತುಂಬಿದ ಲಾರಿ ತಂದು ನಿಲ್ಲಿಸಿದ ಹಾಗೆ.

ಕೊನೆಗೆ ಸ್ವಂತ ಉದ್ಯೋಗ ಅಂತ ಹಾಕಿದೆವು.
ಇಬ್ಬರಿಗೂ ನಗು ಬಂತು.
ಕಂಪ್ಯೂಟರಿನಲ್ಲಿ ಈಗ ಎರಡು ಕಡತ:
ಬಾಂದೇಕರ ಹಳೆಯದು, ಬಾಂದೇಕರ ಹೊಸದು.
ಹಳೆಯದನ್ನು ಅಳಿಸು ಅಂತ ಅವರು ಹೇಳಲಿಲ್ಲ,
ನಾನು ಕೇಳಲಿಲ್ಲ.

ಆರು ಪ್ರತಿ, ಮೂವತ್ತು ರೂಪಾಯಿ,
ಚಿಲ್ಲರೆಯೇ ಎಲ್ಲ, ಎಣಿಸಿ ಸಾಲಾಗಿಟ್ಟರು.
ಹೊರಡುವಾಗ ಮೇಜಿನ ತುದಿಯ ಹೊಸ ಪೇಪರಿನ ಕಟ್ಟನ್ನು
ಒಡೆಯದ ಕಟ್ಟು, ಸುಮ್ಮನೆ, ಅಂಗೈ ಮೇಲೆ ಎತ್ತಿ
"ಎರಡು ಕಿಲೋ ಮುನ್ನೂರೈವತ್ತು" ಅಂದರು.
ತಿರುಗಿ ಅದೇ ಜಾಗದಲ್ಲಿಟ್ಟರು.
ಮೆಟ್ಟಿಲು ಇಳಿದರು.

ಸಂಜೆ ಷಟರು ಎಳೆಯುವ ಮೊದಲು
ಪಕ್ಕದ ಕಿರಾಣಿಯ ನಾಗವೇಣಿಯ ತಕ್ಕಡಿಗೆ
ಕಟ್ಟನ್ನು ಒಯ್ದಿಟ್ಟೆ.
ಕೆಂಪು ಅಂಕೆ ತಡಬಡಿಸಿ ನಿಂತಿತು:
ಎರಡು ಮುನ್ನೂರೈವತ್ತೈದು.

ಯಾಕೆ, ಏನು, ಎಂದು ಕೇಳಿದಳು. ಹೇಳಿದೆ.
ಬೆಲ್ಲದ ಕೈ ಒರೆಸಿಕೊಳ್ಳುತ್ತ ಅವಳು
"ಆ ಐದು ಗ್ರಾಂ ನನ್ನ ತಕ್ಕಡಿಯದೇ ತಪ್ಪು ಮಾರಾಯ್ತಿ" ಅಂದಳು.